ಯಾರ ಮುಖ ಅಂತ ಹೇಳಲ್ಲ, ನನ್ನ ಕಾರ್ಟೂನು ಮಾತ್ರ ‘ಭಾರತದಲ್ಲಿ ಲಭ್ಯವಿಲ್ಲ’

ಗೆರೆಗಾರ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನನ್ನದೊಂದು ಡಿಟಿಪಿ, ಫ್ಲೆಕ್ಸ್ ಅಂಗಡಿ. ಹಗಲೆಲ್ಲಾ ಲೀಡರುಗಳ ಹುಟ್ಟುಹಬ್ಬದ ಫ್ಲೆಕ್ಸ್ ಮಾಡ್ತೀನಿ, ಮೂರೂ ಪಾರ್ಟಿಯವರದ್ದು. ಬಿಳಿ ಕೂದಲು ಕಪ್ಪು ಮಾಡೋದು, ಕಣ್ಣಿನ ಕೆಳಗಿನ ಚೀಲ ಅಳಿಸೋದು, ಮುಖಕ್ಕೆ ಒಂದು ಕೈ ಬಿಳುಪು, ಹಿಂದೆ ಹುಲಿನೋ ಸಿಂಹಾನೋ. ಯಾರ ಮುಖ ಎಷ್ಟು ದೊಡ್ಡದಿರಬೇಕು ಅಂತ ಅವರ ಹುಡುಗರು ನನ್ನ ಕುರ್ಚಿ ಹಿಂದೇನೇ ನಿಂತು ಹೇಳ್ತಾರೆ. ರಾತ್ರಿ ಶಟರ್ ಎಳೆದ ಮೇಲೆ ಅದೇ ಕಂಪ್ಯೂಟರು, ಅದೇ ಮುಖಗಳು, ಆದರೆ ಕಾರ್ಟೂನು. ನನ್ನದೊಂದು ಸಣ್ಣ ಪೇಜ್ ಇದೆ. ಹನ್ನೊಂದು ಸಾವಿರ ಜನ ನೋಡ್ತಾರೆ, ಅದರಲ್ಲಿ ಅರ್ಧ ನಮ್ಮ ಜಿಲ್ಲೆಯವರೇ.

ಹೋದ ತಿಂಗಳು ಒಂದು ಹಾಕಿದ್ದೆ. ದೊಡ್ಡವರೊಬ್ಬರು ಹೊಸ ಸೇತುವೆಯ ರಿಬ್ಬನ್ ಕತ್ತರಿಸ್ತಾರೆ. ಕತ್ತರಿಸಿದ ಕೂಡಲೇ ಸೇತುವೆ ದಬಾರ್ ಅಂತ ಬೀಳುತ್ತೆ, ಯಾಕಂದ್ರೆ ಅದು ನಿಂತಿದ್ದೇ ಆ ರಿಬ್ಬನ್ ಮೇಲೆ. ಕೆಳಗೆ ಒಂದು ಸಾಲು: ‘ಬಡವರ ಹೊಟ್ಟೆ ಮೇಲೆ ಹೊಡೆದ ದುಡ್ಡು, ನಿಲ್ಲೋದಾದ್ರೂ ಹೆಂಗೆ?’

ಮೂರನೇ ದಿನ ಇಂಗ್ಲಿಷಲ್ಲಿ ಒಂದು ಮೇಲ್ ಬಂತು. ನಿಮ್ಮ ಪೋಸ್ಟಿನ ಬಗ್ಗೆ ಕಾನೂನಿನ ಕೋರಿಕೆ ಬಂದಿದೆ, ಭಾರತದಲ್ಲಿ ಅದನ್ನು ತೋರಿಸುವುದಿಲ್ಲ ಅಂತ. ಕೋರಿದ್ದು ಯಾರು, ಯಾವ ಸೆಕ್ಷನ್, ಚಿತ್ರದಲ್ಲಿ ಏನು ತಪ್ಪು, ಒಂದೂ ಇಲ್ಲ. ಉತ್ತರ ಬರೆದೆ. ‘ಈ ವಿಳಾಸಕ್ಕೆ ಉತ್ತರಿಸಬೇಡಿ’ ಅಂತ ವಾಪಸ್ ಬಂತು. ದುಬೈನಲ್ಲಿರೋ ನನ್ನ ಭಾಮೈದನಿಗೆ ಮಾತ್ರ ಚೆನ್ನಾಗಿ ಕಾಣಿಸ್ತಿದೆಯಂತೆ. ಅವನು ಸ್ಕ್ರೀನ್‌ಶಾಟ್ ತೆಗೆದು ನನಗೇ ಕಳಿಸಿದ, ‘ಭಾವ, ಸೂಪರ್’ ಅಂತ.

ಇದನ್ನ ಮಾಡಿದ್ದು ಯಾರು, ಈಗ ನಾನೇನು ಮಾಡಬಹುದು, ಅಷ್ಟು ತಿಳಿದವರು ಹೇಳಿ. ಯಾರ ಮುಖ ಅಂತ ದಯವಿಟ್ಟು ಕೇಳಬೇಡಿ.

ಹಾಸನ ಪ್ಯಾಸೆಂಜರ್

ಯಾರ ಮುಖ?

ಗೆರೆಗಾರ

ಹೇಳಲ್ಲ ಅಂದ್ನಲ್ಲ ಸಾರ್.

ಹಾಸನ ಪ್ಯಾಸೆಂಜರ್

ಹೋಗಲಿ, ಕೇಂದ್ರದವರಾ ರಾಜ್ಯದವರಾ ಅಷ್ಟಾದ್ರೂ ಹೇಳಿ. ಅದು ಗೊತ್ತಾಗದೆ ತಪ್ಪೋ ಸರಿಯೋ ಅಂತ ಹೇಗೆ ಹೇಳೋದು?

ಜವಾರಿ ಬಸ್ಯಾ

ಹಾಸನದವ್ರ, ಖರೇ ಮಾತ ಬಾಯಿ ತಪ್ಪಿ ಹೇಳಿಬಿಟ್ರಿ ನೋಡ್ರಿ. ಮೊದಲ ಮುಖಾ ನೋಡೂದು, ಆಮ್ಯಾಲೆ ಸಂವಿಧಾನ ತಗಿಯೂದು. ನಮ್ಮ ಮಂದಿ ಮಾಡೂದ ಇಷ್ಟ.

ಕರಿಕೋಟು

ಗೆರೆಗಾರರೇ, ವಕೀಲಿಕೆ ನನ್ನ ಹೊಟ್ಟೆಪಾಡು. ಉದ್ದವಾದರೆ ಬೈಕೋಬೇಡಿ.

ನಿಮ್ಮ ಪೋಸ್ಟನ್ನು ಕೆಳಗಿಳಿಸಲು ಸರ್ಕಾರಕ್ಕೆ ಎರಡು ಬಾಗಿಲಿವೆ. ಮುಂಬಾಗಿಲು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ಸೆಕ್ಷನ್ 69ಎ. ದೇಶದ ಸಾರ್ವಭೌಮತೆ, ಅಖಂಡತೆ, ರಕ್ಷಣೆ, ಭದ್ರತೆ, ವಿದೇಶಗಳ ಜೊತೆಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಇವಕ್ಕೆ ಧಕ್ಕೆ ಬರುವಾಗ ಅಥವಾ ಇವುಗಳ ವಿಷಯದಲ್ಲಿ ಅಪರಾಧಕ್ಕೆ ಚಿತಾವಣೆ ಆಗುವಾಗ ಕೇಂದ್ರ ಸರ್ಕಾರ ತಡೆಹಿಡಿಯಬಹುದು. ಪಟ್ಟಿ ಅಲ್ಲಿಗೆ ಮುಗೀತು. ಅದರಲ್ಲಿ ಮಾನನಷ್ಟ ಇಲ್ಲ, ದೊಡ್ಡವರಿಗೆ ಮುಜುಗರ ಅನ್ನೋದಂತೂ ಇಲ್ಲವೇ ಇಲ್ಲ. 2009ರ ನಿಯಮಗಳ ಪ್ರಕಾರ ಸಮಿತಿ ಕೂರಬೇಕು, ಕಾರಣ ಬರೆದಿಡಬೇಕು, ಬರೆದವರ ಗುರುತು ಸಿಕ್ಕರೆ ಅವರಿಗೂ ನೋಟಿಸ್ ಕೊಡುವ ಅವಕಾಶ ಇದೆ. ಆದರೆ ಕೊನೆಗೆ 16ನೇ ನಿಯಮ ಬಂದು ದೂರು, ಕ್ರಮ ಎಲ್ಲವೂ ಗುಟ್ಟಾಗಿರಲಿ ಅನ್ನುತ್ತದೆ. ಊಟಕ್ಕೆ ಕರೆದು ಎಲೆ ಹಾಸದೆ ಕಳಿಸಿದ ಹಾಗೆ.

ಹಿಂಬಾಗಿಲು ಅದೇ ಕಾಯ್ದೆಯ 79(3)(ಬಿ). ಇದು ಮೂಲದಲ್ಲಿ ತಡೆಹಿಡಿಯುವ ಸೆಕ್ಷನ್ನೇ ಅಲ್ಲ. ಜನ ಹಾಕಿದ್ದಕ್ಕೆ ವೇದಿಕೆಯ ಕಂಪನಿ ಹೊಣೆಯಲ್ಲ ಅಂತ ರಕ್ಷಣೆ ಕೊಡುವ ಸೆಕ್ಷನ್. ಆದರೆ ‘ಇದು ಕಾನೂನುಬಾಹಿರ’ ಅಂತ ಸರ್ಕಾರ ತಿಳಿಸಿದ ಮೇಲೂ ತೆಗೆಯದಿದ್ದರೆ ಆ ರಕ್ಷಣೆ ಹೋಗುತ್ತದೆ. ಅಂದರೆ ಯಾರೂ ‘ತೆಗಿ’ ಅಂತ ಆಜ್ಞೆ ಮಾಡಬೇಕಾಗಿಲ್ಲ. ‘ತೆಗೆಯದಿದ್ರೆ ನಿನ್ನ ಛತ್ರಿ ಕಿತ್ಕೊಳ್ತೀವಿ’ ಅಂದರೆ ಸಾಕು, ಮಳೆಯಲ್ಲಿ ನಿಲ್ಲೋಕೆ ಯಾವ ಕಂಪನಿಯೂ ತಯಾರಿಲ್ಲ. 2024ರ ಅಕ್ಟೋಬರಿನಲ್ಲಿ ಕೇಂದ್ರ ಗೃಹ ಇಲಾಖೆ ‘ಸಹಯೋಗ್’ ಅಂತ ಒಂದು ಪೋರ್ಟಲ್ ತೆರೆಯಿತು. ಕೇಂದ್ರದ ಇಲಾಖೆಗಳು, ರಾಜ್ಯಗಳ ಪೊಲೀಸರು ಅದರ ಮೂಲಕವೇ ಇಂಥ ನೋಟಿಸ್ ಕಳಿಸುತ್ತಾರೆ. ನಿಮ್ಮದು ಈ ಹಿಂಬಾಗಿಲಿನದೇ ಇರಬೇಕು ಅಂತ ನನ್ನ ಊಹೆ.

ಹಾಸನ ಪ್ಯಾಸೆಂಜರ್

ಅದನ್ನ ಕೋರ್ಟಲ್ಲಿ ಯಾರೂ ಕೇಳಲಿಲ್ವಾ?

ಕರಿಕೋಟು

ಕೇಳಿದರು, ಅದೂ ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ. ಎಕ್ಸ್ (ಹಳೆಯ ಟ್ವಿಟರ್) ಕಂಪನಿ 2025ರ ಮಾರ್ಚಿನಲ್ಲಿ ಬಂತು. ವಾದದಲ್ಲಿ ಅವರ ವಕೀಲರು ಕೊಟ್ಟ ಉದಾಹರಣೆ ಕೇಳಿ: ಹೈದರಾಬಾದಿನಲ್ಲಿ ಮಹಿಳೆಯೊಬ್ಬರು ರೈಲು ಹಳಿ ಮೇಲೆ ಕಾರು ಓಡಿಸಿದ ವಿಡಿಯೋ ತೆಗೀರಿ ಅಂತ ರೈಲ್ವೆ ಕಡೆಯಿಂದ ನೋಟಿಸ್ ಬಂದಿತ್ತಂತೆ. ಅದು ಸುದ್ದಿ, ಅದನ್ನು ಯಾಕೆ ತೆಗೀಬೇಕು ಅಂತ ಅವರ ಪ್ರಶ್ನೆ. ಸರ್ಕಾರದ ಕಡೆಯಿಂದ ಸಾಲಿಸಿಟರ್ ಜನರಲ್ ಇನ್ನೊಂದು ಆಟ ತೋರಿಸಿದರು. ‘ಸುಪ್ರೀಂ ಕೋರ್ಟ್ ಆಫ್ ಕರ್ನಾಟಕ’ ಅಂತ ಎಕ್ಸ್‌ನಲ್ಲೇ ಒಂದು ಸುಳ್ಳು ಖಾತೆ ತೆರೆಸಿ, ಅದಕ್ಕೆ ಪರಿಶೀಲಿತ ಖಾತೆಯ ಗುರುತೂ ಸಿಕ್ಕಿದ್ದನ್ನು ನ್ಯಾಯಮೂರ್ತಿಗಳ ಮುಂದಿಟ್ಟರು. ಎರಡೂ ಕಡೆ ತೂಕ ಇತ್ತು ಅನ್ನಬೇಕು.

ಸೆಪ್ಟೆಂಬರ್ 24ಕ್ಕೆ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಅರ್ಜಿ ವಜಾ ಮಾಡಿದರು. ಒಂದು ಮುಖ್ಯ ಕಾರಣ, 19ನೇ ವಿಧಿಯ ವಾಕ್ ಸ್ವಾತಂತ್ರ್ಯ ನಾಗರಿಕರಿಗೆ ಮಾತ್ರ, ವಿದೇಶಿ ಕಂಪನಿ ಅದನ್ನು ಕೇಳುವಂತಿಲ್ಲ. ಕಾನೂನಿನ ದೃಷ್ಟಿಯಿಂದ ಅಷ್ಟರ ಮಟ್ಟಿಗೆ ಸರಿ. ನನಗೆ ಕಿರಿಕಿರಿ ಆಗೋದು ಇಲ್ಲಿ: 19ನೇ ವಿಧಿ ಇಲ್ಲದ ಕಂಪನಿಯ ಕೈಗೆ ಆದೇಶ ಸಿಗುತ್ತದೆ. 19ನೇ ವಿಧಿ ಇರುವ ಗೆರೆಗಾರರ ಕೈಗೆ ಆದೇಶದ ಪ್ರತಿಯೂ ಸಿಗೋದಿಲ್ಲ. ಕಂಪನಿ ಮೇಲ್ಮನವಿ ಹಾಕಿದೆ.

ಇದೇ ಕಂಪನಿ 2022ರಲ್ಲಿ 69ಎ ಆದೇಶಗಳ ವಿರುದ್ಧವೂ ಇಲ್ಲಿಗೇ ಬಂದು, 2023ರ ಜೂನ್ 30ರಂದು ಸೋತು, 50 ಲಕ್ಷ ರೂಪಾಯಿ ದಂಡ ಹಾಕಿಸಿಕೊಂಡು ಹೋಗಿತ್ತು ಅನ್ನೋದನ್ನೂ ಸೇರಿಸಿಬಿಡ್ತೀನಿ. ಹಾಗಾಗಿ ಈ ವಿಷಯದಲ್ಲಿ ಇಡೀ ದೇಶ ಬೆಂಗಳೂರಿನ ಕಡೆ ನೋಡ್ತಿದೆ. ನಮ್ಮ ಪೇಪರುಗಳಲ್ಲಿ ಮಾತ್ರ ಒಳಪುಟದ ಸುದ್ದಿ.

ಕೆರೆ ಏರಿ

ಒಂದು ವಿರುದ್ಧದ ಮಾತು ಹೇಳಲೇ? ನಮ್ಮಮ್ಮನ ಫೋನಿಗೆ ಒಬ್ಬ ಪ್ರಸಿದ್ಧ ವೈದ್ಯರ ಮುಖ, ಅವರದೇ ದನಿ ಇಟ್ಟು ಮಂಡಿನೋವಿನ ಎಣ್ಣೆ ಮಾರುವ ನಕಲಿ ವಿಡಿಯೋ ಬಂತು. ಅಮ್ಮ ನಾಲ್ಕು ಸಾವಿರ ಕಳೆದುಕೊಂಡರು. ದೂರು ಕೊಟ್ಟು ಎರಡು ವಾರ ಆದರೂ ಆ ವಿಡಿಯೋ ಹಾಗೇ ಇತ್ತು. ಇಂಥದ್ದನ್ನೆಲ್ಲಾ ಕೋರ್ಟಿಗೆ ಹೋಗಿ ತೆಗೆಸಿ ಅಂದರೆ ಯಾರಿಗೆ ಸಾಧ್ಯ? ಬೇಗ ತೆಗೆಸೋಕೆ ಒಂದು ದಾರಿ ಬೇಕೇ ಬೇಕು. ನೀವೆಲ್ಲಾ ಸರ್ಕಾರ ಅಂದ ಕೂಡಲೇ ಹೌಹಾರ್ತೀರಿ.

ಗೆರೆಗಾರ

ಬೇಕು ಸಾರ್, ನಾನು ಬೇಡ ಅಂದಿಲ್ಲ. ಅಮ್ಮನ ಎಣ್ಣೆ ವಿಡಿಯೋ ಎರಡು ವಾರ ಕೂತಿತ್ತು, ನನ್ನ ರಿಬ್ಬನ್ ಮೂರೇ ದಿನಕ್ಕೆ ಹೋಯ್ತು. ಅಷ್ಟು ಮಾತ್ರ ನೋಡಿ.

ಕೆರೆ ಏರಿ

ಹ್ಮ್. ಅದೊಂದು ಮಾತು ಒಪ್ಪಿದೆ.

ತೆಂಕುತಿಟ್ಟು

ನಮ್ಮ ಊರಿನ ಯಕ್ಷಗಾನದ ಆಟದಲ್ಲಿ ಹಾಸ್ಯಗಾರರು ಹೇಳುವುದನ್ನು ನೀವೆಲ್ಲ ಕೇಳಬೇಕು ಮಾರಾಯ್ರೇ. ಒಮ್ಮೆ ಕೃಷ್ಣನ ಸಾರಥಿ ದಾರುಕನ ಪಾತ್ರ. ಕೃಷ್ಣ ಕೇಳ್ತಾನೆ, ರಥ ಯಾಕೆ ತಡ ಆಯ್ತು ಅಂತ. ಹಾಸ್ಯಗಾರರು ಸೊಂಟ ಹಿಡಿದುಕೊಂಡು, ‘ಸ್ವಾಮೀ, ದ್ವಾರಕೆಯಿಂದ ಶಿರಾಡಿವರೆಗೆ ಒಂದು ಗಳಿಗೆ, ಶಿರಾಡಿ ಘಾಟಿ ಇಳಿಯಲಿಕ್ಕೆ ಮೂರು ದಿವಸ’ ಅಂದರು. ಎದುರಿನ ಸಾಲಿನಲ್ಲಿ ಕೂತಿದ್ದ ದೊಡ್ಡ ಮನುಷ್ಯರೂ ನಕ್ಕರು. ನಗದೆ ಎಂತ ಮಾಡುವುದು, ಸುತ್ತ ಎರಡು ಸಾವಿರ ಜನ ಅವರ ಮುಖವನ್ನೇ ನೋಡ್ತಾ ಇದ್ದಾರಲ್ಲ! ಸಭೆಯಲ್ಲಿ ಸಿಟ್ಟು ತೋರಿಸಿದರೆ ಮರ್ಯಾದೆ ಹೋಗುವುದು ಅವರದ್ದೇ. ಫೋನಿನಲ್ಲಿ ಹಾಗೆ ಇಲ್ಲ, ಒಬ್ಬರೇ ನೋಡ್ತಾರೆ, ಒಬ್ಬರೇ ಸಿಟ್ಟಾಗ್ತಾರೆ, ಯಾರಿಗೂ ಕಾಣದ ಹಾಗೆ ಅಳಿಸಿಬಿಡಬಹುದು. ವ್ಯತ್ಯಾಸ ಇರುವುದು ಅಲ್ಲಿ ಅಂತ ನನಗೆ ಕಾಣ್ತದೆ.

ಈಗ ಹಾಸ್ಯಗಾರರೂ ಮೊದಲಿನ ಹಾಗೆ ಇಲ್ಲ ಬಿಡಿ. ರಂಗಸ್ಥಳದ ಎದುರು ಮೊಬೈಲು ಎತ್ತಿದ್ದು ಕಂಡರೆ ಮಾತು ತಿರುಗಿಸ್ತಾರೆ. ಅರ್ಧ ನಿಮಿಷದ ತುಂಡು ಎಲ್ಲಿಗೆ ಹೋಗಿ ಮುಟ್ಟುತ್ತದೋ ಅಂತ ಹೆದರಿಕೆ ಉಂಟಲ್ಲ.

ನಿವೃತ್ತ ಮೇಷ್ಟ್ರು

ಮೈಸೂರಿನಿಂದ ಬರೆಯುತ್ತಿದ್ದೇನೆ. ನನಗೀಗ ಎಪ್ಪತ್ತು ದಾಟಿದೆ. ನಮ್ಮ ಮನೆಗೆ ರಾಶಿಯವರ ‘ಕೊರವಂಜಿ’ ಬರುತ್ತಿತ್ತು. 1942ರಿಂದ 1967ರವರೆಗೆ ನಡೆದ ಪತ್ರಿಕೆ ಅದು. ವೃತ್ತಿಯಲ್ಲಿ ಅವರು ವೈದ್ಯರು, ಡಾ. ಎಂ. ಶಿವರಾಂ. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಬೊಂಬಾಯಿಗೆ ಹೋಗಿ ದೊಡ್ಡವರಾಗುವ ಮೊದಲು ಅದರಲ್ಲಿ ಚಿತ್ರ ಬರೆದಿದ್ದರು.

ತುರ್ತು ಪರಿಸ್ಥಿತಿ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಆಗ ಕತ್ತರಿ ಹಿಡಿದವರು ಯಾರು ಅಂತ ಕಾಣಿಸುತ್ತಿತ್ತು. ಅಧಿಕಾರಿ ಇದ್ದ, ಮೊಹರು ಇತ್ತು. ಇಂಡಿಯನ್ ಎಕ್ಸ್‌ಪ್ರೆಸ್ 1975ರ ಜೂನ್ 28ರಂದು ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತು. ಖಾಲಿ ಜಾಗವನ್ನು ಓದುಗರು ಓದಿದರು. ಅದೇ ದಿನ ಟೈಮ್ಸ್ ಆಫ್ ಇಂಡಿಯಾದ ಬೊಂಬಾಯಿ ಆವೃತ್ತಿಯ ನಿಧನವಾರ್ತೆ ಕಾಲಂನಲ್ಲಿ ‘ಡಿ.ಇ.ಎಂ. ಓಕ್ರಸಿ’ ಎಂಬ ಗೃಹಸ್ಥರು ಜೂನ್ 26ರಂದು ತೀರಿಕೊಂಡರು ಎಂದು ಒಂದು ಪುಟ್ಟ ಜಾಹೀರಾತು. ಪತ್ನಿಯ ಹೆಸರು ಸತ್ಯ, ಮಗನ ಹೆಸರು ಸ್ವಾತಂತ್ರ್ಯ, ಎಲ್ಲಾ ಇಂಗ್ಲಿಷ್ ಅಕ್ಷರಗಳ ಆಟ. ಸೆನ್ಸಾರಿನವರ ಕಣ್ಣಿಗೆ ಅದು ನಿಜವಾದ ಸಾವೇ ಆಗಿ ಕಂಡಿರಬೇಕು. ನೆಹರೂ ‘ನನ್ನನ್ನೂ ಬಿಡಬೇಡ’ ಎಂದು ಹರಸಿದ ವ್ಯಂಗ್ಯಚಿತ್ರಕಾರ ಶಂಕರ್ ಅವರ ವಾರಪತ್ರಿಕೆ ಆ ವರ್ಷ ಆಗಸ್ಟಿನಲ್ಲಿ ನಿಂತುಹೋಯಿತು.

ಗೆರೆಗಾರರ ಪ್ರಸಂಗದಲ್ಲಿ ನನ್ನನ್ನು ಕಾಡುವುದು ಆ ಖಾಲಿ ಜಾಗವೂ ಇಲ್ಲ ಎನ್ನುವುದು. ದಾವಣಗೆರೆಯ ಓದುಗನಿಗೆ ಅಲ್ಲೊಂದು ಚಿತ್ರ ಇತ್ತು ಎಂದೇ ಗೊತ್ತಾಗುವುದಿಲ್ಲ.

ಜವಾರಿ ಬಸ್ಯಾ

ಮೇಷ್ಟ್ರ, ನಮಸ್ಕಾರ್ರೀ. ಒಂದ ಮಾತ ಸೇರಸ್ತೀನಿ. ಕಾಣೂ ಕತ್ತರಿನೂ ಭಾಳ ಛಲೋ ಇತ್ತಂತ ಅಲ್ಲ ಮತ್ತ. 2012ರಾಗ ಕೋಲ್ಕತ್ತಾದ ಜಾದವಪುರ ಯುನಿವರ್ಸಿಟಿ ಪ್ರೊಫೆಸರ್ ಅಂಬಿಕೇಶ್ ಮಹಾಪಾತ್ರ ಅವ್ರು ಮಮತಾ ಬ್ಯಾನರ್ಜಿ ಮ್ಯಾಲಿನ ಒಂದ ಚೇಷ್ಟೆ ಚಿತ್ರಾ ಮೇಲ್‌ನಾಗ ಫಾರ್ವರ್ಡ್ ಮಾಡಿದ್ರು. ಬರದಿದ್ದೂ ಅವ್ರಲ್ಲ! ಪೊಲೀಸ್ರು ಒಯ್ದ್ರು. ಕೇಸಿನಿಂದ ಪೂರಾ ಬಿಡುಗಡಿ ಆಗಿದ್ದು 2023ರ ಜನವರಿಯಾಗ. ಒಂದ ನಗಿಗೆ ಹನ್ನೊಂದ ವರ್ಷಾ. ಹಾಕಿದ್ದ ಐಟಿ ಕಾಯ್ದೆದ 66ಎ ಕಲಮನ್ನ 2015ರಾಗ ಸುಪ್ರೀಂ ಕೋರ್ಟ ಹೊಡದ ಹಾಕಿತ್ತು, ಆದ್ರೂ ಕೇಸ್ ಎಳೀತು. ಅದ 2012ರಾಗ ಮುಂಬೈದಾಗ ಅಸೀಮ್ ತ್ರಿವೇದಿಯವ್ರನ್ನ ಕಾರ್ಟೂನಿನ ಸಲುವಾಗಿ ದೇಶದ್ರೋಹ ಅಂತ ಒಳಗ ಹಾಕಿದ್ರು. ಆಗ ಮುಂಬೈದಾಗ ಒಂದ ಸರ್ಕಾರ, ಕೋಲ್ಕತ್ತಾದಾಗ ಇನ್ನೊಂದ, ಇವತ್ತ ದಿಲ್ಲ್ಯಾಗ ಮತ್ತೊಂದ. ಮುಖಾ ಬ್ಯಾರೆ ಬ್ಯಾರೆ, ಚರ್ಮ ಒಂದ.

ಹಾಸನ ಪ್ಯಾಸೆಂಜರ್

ಎಲ್ಲರೂ ಒಂದೇ ಅನ್ನೋದು ಸುಲಭ. ನಮ್ಮ ರಾಜ್ಯದಲ್ಲಿ ‘ನಿಖಿಲ್ ಎಲ್ಲಿದ್ದೀಯಪ್ಪಾ’ 2019ರಲ್ಲಿ ಎಷ್ಟು ಓಡಿತು? ಮುಖ್ಯಮಂತ್ರಿಯ ಮನೆ ವಿಷಯ. ಯಾರು ತಡೆದರು? ಮದುವೆ ಮನೇಲಿ, ಕ್ಲಾಸ್ ರೂಮಲ್ಲಿ, ಎಲ್ಲಾ ಕಡೆ ಅದೇ.

ಗೆರೆಗಾರ

ತಡೆಯೋಕೆ ಆಗಲಿಲ್ಲ ಸಾರ್, ಅಷ್ಟೇ. ಅದಕ್ಕೆ ಒಡೆಯ ಯಾರೂ ಇರಲಿಲ್ಲ, ಪ್ರತಿ ಊರಲ್ಲೂ ನೂರು ಹುಡುಗರು ಅವರವರದೇ ವಿಡಿಯೋ ಮಾಡಿದ್ದರು. ಯಾರ ಪೋಸ್ಟ್ ಅಂತ ಇಳಿಸೋದು? ನನ್ನಂಥ ಒಂಟಿ ಪೇಜ್ ಆದರೆ ಒಂದು ಕ್ಲಿಕ್ಕು.

ಮಂಡ್ಯದ ಗಂಡು 2.0

ಪೇಸಿಎಂ ಮರೆತುಬಿಟ್ರಾ? 2022ರ ಸೆಪ್ಟೆಂಬರ್. ಬೊಮ್ಮಾಯಿಯವರ ಮುಖದ ಕ್ಯೂಆರ್ ಕೋಡ್ ಪೋಸ್ಟರ್ ಬೆಂಗಳೂರಿನ ಗೋಡೆಗಳ ಮೇಲೆಲ್ಲಾ. ಸ್ಕ್ಯಾನ್ ಮಾಡಿದ್ರೆ ನಲವತ್ತು ಪರ್ಸೆಂಟ್ ಸರ್ಕಾರ ಅಂತ ವೆಬ್‌ಸೈಟ್. ಅಂಟಿಸಿದ ಕಾಂಗ್ರೆಸ್ ಹುಡುಗರನ್ನ ಪೊಲೀಸ್ರು ಹಿಡಿದ್ರು. ಆಮೇಲೆ ಸಿದ್ದರಾಮಯ್ಯ, ಡಿಕೆಶಿ ಅವರೇ ಬೀದಿಗಿಳಿದು ಪೋಸ್ಟರ್ ಅಂಟಿಸಿದ್ರು, ಅವರನ್ನೂ ವಶಕ್ಕೆ ತಗೊಂಡ್ರು. ನಾನು ಅವತ್ತು ಎದ್ದು ಚಪ್ಪಾಳೆ ಹೊಡೆದವನು. ಇವತ್ತು ನೋಡಿದ್ರೆ…

ಹಾಸನ ಪ್ಯಾಸೆಂಜರ್

ಇವತ್ತು ನೋಡಿದ್ರೆ ಏನು? ಪೂರ್ತಿ ಹೇಳಿ.

ಮಂಡ್ಯದ ಗಂಡು 2.0

ಹೇಳ್ತೀನಿ, ನಾಚಿಕೆ ಏನಿಲ್ಲ. ಅದೇ ಪೋಸ್ಟರ್ ಅಂಟಿಸಿದವರ ಸರ್ಕಾರದಲ್ಲಿ 2025ರ ಜೂನಿನಲ್ಲಿ ಸುಳ್ಳುಸುದ್ದಿ ತಡೆ ಮಸೂದೆಯ ಕರಡು ಹೊರಬಂತು. ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ. ಸುಳ್ಳು ಯಾವುದು ಅಂತ ನೋಡೋ ಪ್ರಾಧಿಕಾರಕ್ಕೆ ಕನ್ನಡ ಮತ್ತು ಸಂಸ್ಕೃತಿ ಸಚಿವರೇ ಅಧ್ಯಕ್ಷರು. ನನ್ನ ಮನೇಲಿ ನಾನೇ ಪರೀಕ್ಷೆ ಬರೆದು ನಾನೇ ಮಾರ್ಕ್ಸ್ ಹಾಕಿಕೊಂಡ ಹಾಗೆ. ಗಲಾಟೆ ಆದ ಮೇಲೆ ಇದು ಅಂತಿಮ ಅಲ್ಲ ಅಂದ್ರು.

ಕರಿಕೋಟು

ಆ ಕರಡಿನಲ್ಲಿ ಒಂದು ಸ್ವಾರಸ್ಯ ಇತ್ತು, ಗೆರೆಗಾರರಿಗೆ ಬೇಕಾದದ್ದು. ತಪ್ಪು ಮಾಹಿತಿಯ ವ್ಯಾಖ್ಯೆಯಿಂದ ವಿಡಂಬನೆ, ಹಾಸ್ಯ, ಅಣಕಗಳನ್ನು ಹೊರಗಿಟ್ಟಿದ್ದರು. ಆದರೆ ಒಂದು ಷರತ್ತಿನ ಮೇಲೆ: ಸಾಮಾನ್ಯ ವಿವೇಕ ಇರುವ ಮನುಷ್ಯ ಅದನ್ನು ನಿಜ ಅಂತ ನಂಬುವಂತಿರಬಾರದು. ಈ ವಿವೇಕಿ ಮನುಷ್ಯ ನಮ್ಮ ಕಾನೂನು ಪುಸ್ತಕಗಳ ಹಳೆಯ ಬಾಡಿಗೆದಾರ. ನಾನು ಇಪ್ಪತ್ತೆರಡು ವರ್ಷದಿಂದ ಕೋರ್ಟಿಗೆ ಹೋಗ್ತಿದ್ದೀನಿ, ಇನ್ನೂ ಭೇಟಿಯಾಗಿಲ್ಲ.

ನಿಮ್ಮ ಸೇತುವೆಯನ್ನೇ ತಗೊಳ್ಳಿ. ರಿಬ್ಬನ್ ಮೇಲೆ ಸೇತುವೆ ನಿಲ್ಲಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ‘ಇವರು ಉದ್ಘಾಟಿಸಿದ ಸೇತುವೆ ಬಿದ್ದಿದೆ ಅಂತ ಜನ ನಂಬಬಹುದು’ ಅಂತ ಯಾರಾದರೂ ವಾದಿಸಿದರೆ? ವಿಡಂಬನೆ ಅಂದರೆ ನಿಜಕ್ಕೆ ಹತ್ತಿರ ಹೋಗಿ ಕೆನ್ನೆ ಗಿಲ್ಲೋದು. ದೂರ ನಿಂತು ಗಿಲ್ಲೋಕಾಗಲ್ಲ.

ಕೇಂದ್ರದಲ್ಲೂ ಇದೇ ಕಥೆ. 2023ರ ಏಪ್ರಿಲಿನಲ್ಲಿ ಐಟಿ ನಿಯಮ ತಿದ್ದಿ, ಕೇಂದ್ರ ಸರ್ಕಾರದ ವ್ಯವಹಾರದ ಬಗ್ಗೆ ಯಾವುದು ಸುಳ್ಳು ಅಂತ ಸರ್ಕಾರದ್ದೇ ಫ್ಯಾಕ್ಟ್‌ಚೆಕ್ ಘಟಕ ಹೇಳಲಿ ಅಂದರು. ಕೋರ್ಟಿಗೆ ಹೋದವರು ಹಾಸ್ಯಗಾರ ಕುನಾಲ್ ಕಾಮ್ರಾ. ಬಾಂಬೆ ಹೈಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳಲ್ಲಿ ಭಿನ್ನಾಭಿಪ್ರಾಯ ಬಂತು, ಗೌತಮ್ ಪಟೇಲ್ ರದ್ದು ಅಂದರು, ನೀಲಾ ಗೋಖಲೆ ಇರಲಿ ಅಂದರು. ಮೂರನೆಯವರಾದ ಎ.ಎಸ್. ಚಂದೂರ್ಕರ್ 2024ರ ಸೆಪ್ಟೆಂಬರ್ 20ರಂದು ರದ್ದು ಅಂದ ಮೇಲೆ ಅದು ಬಿತ್ತು. ಅದೇ ಕಾಮ್ರಾ 2025ರ ಮಾರ್ಚಿನಲ್ಲಿ ಮಹಾರಾಷ್ಟ್ರದ ನಾಯಕ ಏಕನಾಥ ಶಿಂಧೆಯವರ ಮೇಲೆ ಹೆಸರು ಹೇಳದೆ ಅಣಕದ ಹಾಡು ಹಾಡಿದಾಗ ಬೆಂಬಲಿಗರು ಹೋಗಿ ಮುಂಬೈನ ಆ ಸ್ಟುಡಿಯೋ ಪುಡಿ ಮಾಡಿದರು. ಕುರ್ಚಿ ಮುರಿದದ್ದಕ್ಕೆ ಕುರ್ಚಿ ಸಾಕ್ಷಿ ಇದೆ. ಪೋಸ್ಟ್ ಮಾಯವಾದದ್ದಕ್ಕೆ ಸಾಕ್ಷಿ ಏನಿದೆ?

ರಾತ್ರಿ ಪಾಳಿ

ಇಷ್ಟು ಹೊತ್ತು ಓದ್ತಾ ಇದ್ದೆ. ಹೊಟ್ಟೆ ಮೇಲೆ ಹೊಡೆದ ಅನ್ನೋ ಸಾಲು ನೋಡಿ ಬರೀಲೇಬೇಕು ಅನ್ನಿಸ್ತು. ನಾನು ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಆಫೀಸಲ್ಲಿ ಎರಡು ವರ್ಷ ಕನ್ನಡ ಪೋಸ್ಟುಗಳನ್ನ ನೋಡೋ ಕೆಲಸ ಮಾಡಿದ್ದೀನಿ. ದೊಡ್ಡ ಕಂಪನಿಗೆ ಗುತ್ತಿಗೆ. ಹೆಸರು ಬೇಡ.

ಕನ್ನಡ ಬರೋರು ರಜೆ ಇದ್ದ ದಿನ ನಮ್ಮ ಟಿಕೆಟುಗಳು, ಅಂದ್ರೆ ನೋಡಬೇಕಾದ ದೂರುಗಳು, ಬೇರೆ ಭಾಷೆಯವರಿಗೆ ಹೋಗ್ತಿದ್ವು, ಯಂತ್ರದ ಅನುವಾದ ನೋಡಿ ನಿರ್ಧಾರ. ‘ಬಡವರ ಹೊಟ್ಟೆ ಮೇಲೆ ಹೊಡೆದ’ ಅಂದ್ರೆ ಅವರ ಪರದೆ ಮೇಲೆ ಯಾರೋ ಬಡವನ ಹೊಟ್ಟೆಗೆ ಗುದ್ದಿದ್ದಾರೆ ಅಂತ ಬರುತ್ತೆ. ಹಿಂಸೆ! ‘ಮೂರು ನಾಮ ಹಾಕಿದ್ರು’ ಅಂದ್ರೆ ಧರ್ಮದ ವಿಷಯ ಅಂತ ಬೇರೆ ಸಾಲಿಗೆ ಹೋಗುತ್ತೆ. ‘ಕಿವಿ ಮೇಲೆ ಹೂವು’ ಒಂದೇ ಬಚಾವು, ಅದು ಹೂವಿನ ಅಲಂಕಾರ ಅಂದುಕೊಳ್ಳುತ್ತೆ.

ಅದು ಮಾಮೂಲಿ ದೂರುಗಳ ಕಥೆ. ಸರ್ಕಾರದಿಂದ ಬಂದಿದ್ದು ನಮ್ಮ ಹತ್ರ ಬರ್ತಾನೇ ಇರಲಿಲ್ಲ. ಅದು ನೇರ ಲೀಗಲ್ ತಂಡಕ್ಕೆ. 2021ರ ಐಟಿ ನಿಯಮದಲ್ಲಿ 36 ಗಂಟೆ ಗಡುವು ಕೊಟ್ಟಿದ್ರು. ಅಷ್ಟರಲ್ಲಿ ನಗು ಬಂತಾ ಇಲ್ವಾ ಅಂತ ಯಾರೂ ಕೂತು ನೋಡಲ್ಲ. ತೆಗೆದ್ರೆ ಬೈಯೋದು ಒಬ್ಬ ಫ್ಲೆಕ್ಸ್ ಅಂಗಡಿಯವರು. ತೆಗೀದೇ ಇದ್ರೆ ಬೈಯೋದು ಸರ್ಕಾರ. ನೀವೇ ಆ ಕುರ್ಚಿಯಲ್ಲಿ ಕೂತಿದ್ರೆ ಏನು ಮಾಡ್ತಿದ್ರಿ?

ಗೆರೆಗಾರ

ನಾನೇ ಆಗಿದ್ರೂ ತೆಗೀತಿದ್ದೆ ಅನ್ಸುತ್ತೆ.

ಕೆರೆ ಏರಿ

ಸರಿ, ಆದರೆ ಎಲ್ಲದಕ್ಕೂ ವಿಡಂಬನೆ ಅನ್ನೋ ಬೋರ್ಡ್ ಹಾಕಿಬಿಟ್ಟರೆ? 2024ರ ಚುನಾವಣೆ ಹೊತ್ತಿಗೆ ಕರ್ನಾಟಕ ಬಿಜೆಪಿಯ ಖಾತೆಯಲ್ಲಿ ಒಂದು ಅನಿಮೇಷನ್ ಬಂದಿತ್ತಲ್ಲ, ಗೂಡಿನಲ್ಲಿ ಮೊಟ್ಟೆಗಳು, ಮೀಸಲಾತಿ ವಿಷಯ. ಅದನ್ನೂ ಕಾರ್ಟೂನೇ ಅಂದರು. ಚುನಾವಣಾ ಆಯೋಗ ತೆಗೆಸಿತು. ಅದೂ ತಪ್ಪಾ?

ನಿವೃತ್ತ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ನನ್ನ ಅಳತೆ ಇಷ್ಟು: ನಗು ಕುರ್ಚಿಯ ಕಡೆ ಹೋಗುತ್ತಿದೆಯೋ, ನೆಲದ ಮೇಲೆ ಕೂತವರ ಕಡೆ ಹೋಗುತ್ತಿದೆಯೋ. ಒಂದು ಸಮುದಾಯವನ್ನು ಇನ್ನೊಂದರ ಎದುರು ನಿಲ್ಲಿಸುವುದಕ್ಕೆ ಬಣ್ಣ ಬಳಿದರೆ ಅದು ವಿಡಂಬನೆ ಆಗುವುದಿಲ್ಲ. ಇನ್ನೂ ಒಂದು ಮಾತು. ಆ ಪ್ರಕರಣದಲ್ಲಿ ತೆಗೆಯಿರಿ ಎಂದವರು ಆಯೋಗ ಎಂದು ಎಲ್ಲರಿಗೂ ಗೊತ್ತಿತ್ತು, ಪತ್ರ ಬಹಿರಂಗವಾಗಿತ್ತು. ಒಪ್ಪದವರು ಜಗಳ ಆಡಬಹುದಿತ್ತು.

ಮಂಡ್ಯದ ಗಂಡು 2.0

[ಈ ಅಭಿಪ್ರಾಯವನ್ನು ನಿರ್ವಾಹಕರು ತೆಗೆದುಹಾಕಿದ್ದಾರೆ]

ಜವಾರಿ ಬಸ್ಯಾ

ಹಹ್ಹಾ! ಇಲ್ಲೂ ಶುರು ಆತು ನೋಡ್ರಿ.

ನಿರ್ವಾಹಕ

ತೆಗೆದದ್ದು ನಾನು. ಒಂದು ಜಾತಿಯ ಹೆಸರಿಟ್ಟು ಬೈದಿದ್ದರು, ವೇದಿಕೆಯ ಮೂರನೇ ನಿಯಮ. ಅವರಿಗೆ ಖಾಸಗಿ ಸಂದೇಶದಲ್ಲಿ ಕಾರಣವನ್ನೂ ಅವರ ಮೂಲ ಬರಹವನ್ನೂ ಕಳಿಸಿದ್ದೇನೆ. ತಕರಾರು ಇದ್ದರೆ ಇಲ್ಲೇ ಹೇಳಬಹುದು.

ಮಂಡ್ಯದ ಗಂಡು 2.0

ತಕರಾರಿಲ್ಲ. ಬಿಸೀಲಿ ಬರೆದುಬಿಟ್ಟೆ, ಕ್ಷಮೆ ಇರಲಿ. ಏನೇ ಆದ್ರೂ ನಮ್ಮ ನಿರ್ವಾಹಕರು ಸಹಯೋಗ್‌ಗಿಂತ ವಾಸಿ, ಮುಖ ತೋರಿಸಿ ಹೊಡೀತಾರೆ.

ಕರಿಕೋಟು

ಇನ್ನು ಗೆರೆಗಾರರ ಎರಡನೇ ಪ್ರಶ್ನೆ, ಏನು ಮಾಡಬಹುದು ಅನ್ನೋದು. ಮೊದಲು ವೇದಿಕೆಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ, ಆದೇಶದ ಪ್ರತಿ ಕೇಳಿ. ಕೊಡ್ತಾರೆ ಅನ್ನೋ ಭರವಸೆ ನನಗಿಲ್ಲ, ಆದರೆ ಕೇಳಿದ ದಾಖಲೆ ಇರಲಿ. ಮಾಹಿತಿ ಹಕ್ಕಿನಲ್ಲಿ ಕೇಳಿದರೆ 16ನೇ ನಿಯಮ ತೋರಿಸ್ತಾರೆ.

ಆಶೆ ಹುಟ್ಟಿಸುವ ಒಂದು ಪ್ರಕರಣ ಇದೆ. ವರದಕ್ಷಿಣೆ ಪದ್ಧತಿಯನ್ನೇ ಗೇಲಿ ಮಾಡಲು ಪತ್ರಕರ್ತ ತನುಲ್ ಠಾಕೂರ್ ‘ಡೌರಿ ಕ್ಯಾಲ್ಕುಲೇಟರ್’ ಅಂತ ವೆಬ್‌ಸೈಟ್ ಮಾಡಿದ್ದರು. ಹುಡುಗನ ಓದು, ಸಂಬಳ ಹಾಕಿದರೆ ರೇಟು ಬರುತ್ತೆ. ವ್ಯಂಗ್ಯ ಅಂತ ಅರ್ಥವಾಗದೆಯೋ ಅರ್ಥವಾಗಿಯೋ, 2018ರಲ್ಲಿ ಅದನ್ನು ಬ್ಲಾಕ್ ಮಾಡಿದರು. ಅವರು ದಿಲ್ಲಿ ಹೈಕೋರ್ಟಿಗೆ ಹೋದರು. 2022ರ ಮೇ ತಿಂಗಳಲ್ಲಿ ಕೋರ್ಟು ಹೇಳಿತು, ಆದೇಶದ ಪ್ರತಿ ಕೊಡಿ, ಅವರ ಮಾತೂ ಕೇಳಿ ಅಂತ. ಅಷ್ಟಕ್ಕೇ ಸುಮಾರು ನಾಲ್ಕು ವರ್ಷ.

ಇನ್ನೊಂದು ಕಡೆ ಪೂರ್ತಿ ಖುಷಿ ಪಡಬೇಡಿ ಅನ್ನೋಕೆ ‘ವಿಕಟನ್’ ಇದೆ. 2025ರ ಫೆಬ್ರವರಿಯಲ್ಲಿ ಅಮೆರಿಕ ನಮ್ಮವರಿಗೆ ಸಂಕೋಲೆ ಹಾಕಿ ವಿಮಾನದಲ್ಲಿ ಕಳಿಸಿತಲ್ಲ, ಆ ಹೊತ್ತಿಗೆ ಟ್ರಂಪ್ ಪಕ್ಕದಲ್ಲಿ ಮೋದಿಯವರು ಸಂಕೋಲೆ ತೊಟ್ಟು ಕೂತ ಕಾರ್ಟೂನನ್ನು ತಮಿಳಿನ ಆ ಪತ್ರಿಕೆ ಹಾಕಿತು. ಇಡೀ ವೆಬ್‌ಸೈಟೇ ತೆರೆಯದಾಯಿತು. ಒಂದು ಚಿತ್ರಕ್ಕೆ ನೂರು ವರ್ಷಕ್ಕೆ ಹತ್ತಿರವಾಗಿದ್ದ ಸಂಸ್ಥೆಯ ಸೈಟಿಗೇ ಬೀಗ. ಮಾರ್ಚ್ 6ರಂದು ಮದ್ರಾಸ್ ಹೈಕೋರ್ಟ್ ಬೀಗ ತೆಗೆಸಿತು, ಆದರೆ ಸದ್ಯಕ್ಕೆ ಆ ಕಾರ್ಟೂನಿನ ಪುಟ ತೆಗೆದಿಡಿ ಅಂತ ಹೇಳಿ. ಮನೆ ವಾಪಸ್ ಬಂತು, ಯಾವ ಕೋಣೆಗಾಗಿ ಜಗಳವೋ ಅದಕ್ಕೆ ಮಾತ್ರ ಬೀಗ ಉಳಿಯಿತು.

2025ರ ನವೆಂಬರ್ 15ರಿಂದ ಒಂದು ಬದಲಾವಣೆ ಆಗಿದೆ: ಹಿಂಬಾಗಿಲಿನ ನೋಟಿಸ್ ಕಳಿಸಲು ಜಂಟಿ ಕಾರ್ಯದರ್ಶಿ ಮಟ್ಟದವರು, ಪೊಲೀಸರಾದರೆ ಡಿಐಜಿ ದರ್ಜೆಯವರು ಬೇಕು, ಕಾರಣವನ್ನೂ ಬರೆಯಬೇಕು. ಮೊದಲಿಗಿಂತ ವಾಸಿ. ಆದರೆ ಆ ಕಾರಣ ಹೋಗೋದು ಕಂಪನಿಗೆ. ನಿಮಗಲ್ಲ.

ಗೆರೆಗಾರ

ಎಲ್ಲರಿಗೂ ಥ್ಯಾಂಕ್ಸ್. ಒಂದು ವಾರದ ಮೇಲೆ ಬರೀತಿದ್ದೀನಿ. ಒಂದು ತಮಾಷೆ ಆಯ್ತು.

ಶನಿವಾರ ಆ ‘ದೊಡ್ಡವರ’ ಹುಡುಗರೇ ನಾಲ್ಕು ಜನ ಅಂಗಡಿಗೆ ಬಂದ್ರು. ಬೈಕ್ ನಿಲ್ಲಿಸಿದ ರೀತಿ ನೋಡಿಯೇ ನನ್ನ ಕೈ ಮೌಸ್ ಮೇಲೆ ನಿಲ್ಲಲಿಲ್ಲ. ಒಬ್ಬ ಫೋನ್ ತೆಗೆದು, ‘ಅಣ್ಣಾ, ಈ ರಿಬ್ಬನ್ ಕಾರ್ಟೂನು ನಿಮ್ಮದೇನಾ?’ ಅಂದ. ಹೂಂ ಅಂದೆ. ‘ಸಾಹೇಬ್ರಿಗೆ ತೋರಿಸಿದ್ವಿ, ಬಿದ್ದು ಬಿದ್ದು ನಕ್ಕರು. ಮೂಗು ಸ್ವಲ್ಪ ಜಾಸ್ತಿ ಆಯ್ತು ಅಂದ್ರು.’ ಆಮೇಲೆ ಮುಂದಿನ ತಿಂಗಳ ಹುಟ್ಟುಹಬ್ಬಕ್ಕೆ ಹದಿನಾರು ಫ್ಲೆಕ್ಸ್ ಆರ್ಡರ್ ಕೊಟ್ಟು, ಅಡ್ವಾನ್ಸ್ ಐದು ಸಾವಿರ ಇಟ್ಟು ಹೋದರು. ದೂರು ಕೊಟ್ಟಿದ್ದು ನಾವಲ್ಲ ಅಂತ ಆಣೆ ಬೇರೆ. ಹಾಗಾದ್ರೆ ಕೊಟ್ಟಿದ್ದು ಯಾರು? ಅವರ ಮೇಲಿನವರಾ, ಇವರಿಗೆ ಆಗದವರಾ, ಯಾವುದೋ ಆಫೀಸಲ್ಲಿ ಪಟ್ಟಿ ತುಂಬಿಸಬೇಕಾಗಿದ್ದ ಇನ್ನೊಬ್ಬ ನನ್ನಂಥವನಾ, ಗೊತ್ತಿಲ್ಲ. ಗುರಿ ಆದವರೇ ನಕ್ಕರೂ ಚಿತ್ರ ಮಾತ್ರ ಇನ್ನೂ ವಾಪಸ್ ಬಂದಿಲ್ಲ. ಕುಂದುಕೊರತೆಯವರಿಗೆ ಬರೆದದ್ದಕ್ಕೆ ‘ನಿಮ್ಮ ಮನವಿ ಸ್ವೀಕರಿಸಲಾಗಿದೆ’ ಅಂತ ಬಂದಿದೆ, ಅಷ್ಟೇ.

ಮನೆಯವಳು, ‘ಅಡ್ವಾನ್ಸ್ ಬಂತಲ್ಲ, ಇನ್ನು ಆ ಚಿತ್ರಗಿತ್ರ ಬಿಟ್ಟುಬಿಡಿ’ ಅಂದಳು. ಎರಡು ರಾತ್ರಿ ಬಿಟ್ಟೂ ಇದ್ದೆ. ಕೂತರೆ ಪ್ರತಿ ಗೆರೆಗೂ ಇದು ಹೋಗುತ್ತಾ ಇರುತ್ತಾ ಅಂತಾನೇ ಲೆಕ್ಕ. ಮೂಗು ಸಣ್ಣ ಮಾಡ್ತಿದ್ದೆ, ಮೀಸೆ ತೆಗೀತಿದ್ದೆ. ಕೊನೆಗೆ ಮುಖವನ್ನೇ ತೆಗೆದೆ. ಹೊಸದು ಇದು: ವೇದಿಕೆ ಮೇಲೆ ಖಾಲಿ ಕುರ್ಚಿ, ಕುರ್ಚಿಗೊಂದು ಶಾಲು, ಮುಂದೆ ರಿಬ್ಬನ್. ಅಡಿಬರಹ ಇಲ್ಲ. ಮೂರು ದಿನ ಆಯ್ತು, ಇನ್ನೂ ಇದೆ.

ತೆಂಕುತಿಟ್ಟು

ಭಾರೀ ಲಾಯ್ಕುಂಟು. ಮುಖ ಇಲ್ಲದಿದ್ದರೂ ಗೊತ್ತಾಗ್ತದೆ.

ಕೆರೆ ಏರಿ

ಯಾರು ಅಂತ ಗೊತ್ತಾಯ್ತು ನಿಮಗೆ? ನನಗೆ ಬೇರೆಯವರು ಅನ್ನಿಸಿತು.

ಹಾಸನ ಪ್ಯಾಸೆಂಜರ್

ಆ ಶಾಲು ನಮ್ಮ ನಾಯಕರು ಹಾಕೋದು. ಅಂಚು ನೋಡಿದ ಕೂಡಲೇ ಗೊತ್ತಾಗುತ್ತೆ. ಗೆರೆಗಾರರೇ, ಇಷ್ಟು ದಿನ ನಿಮ್ಮ ಪರ ಮಾತಾಡಿದೆ, ಇದು ಸರಿ ಕಾಣಲಿಲ್ಲ.

ಜವಾರಿ ಬಸ್ಯಾ

ಏನ್ರೀ ಹಾಸನದವ್ರ, ನಮ್ಮ ಊರಾಗ ಮುಂಜಾನಿಂದ ಇದು ನಮ್ಮ ಸಾಹೇಬ್ರಂತ ಬಡದಾಡಾಕತ್ತಾರ. ಚಾದಂಗಡ್ಯಾಗ ಎರಡ ಪಾರ್ಟಿ ಆಗ್ಯಾವ.

ಗೆರೆಗಾರ

ಅದು ಶಾಲೇ ಅಲ್ಲ ಸಾರ್. ಕಂಪ್ಯೂಟರ್ ಮೇಲೆ ಧೂಳು ಕೂರಬಾರದು ಅಂತ ನಾನು ಹೊದಿಸೋ ಟವೆಲ್ಲು. ಎದುರಿಗಿತ್ತು, ನೋಡಿಕೊಂಡು ಬರೆದೆ.

ಹಾಸನ ಪ್ಯಾಸೆಂಜರ್

ಆದ್ರೂ ಅಂಚಿನ ಬಣ್ಣ ಬದಲಾಯಿಸಿ.